ಮಾವನ ಗಾಳದ ಕನ್ನಡಕ

ಫಿಲ್ಟರಿನ ಕೊಳವೆಗೆ ತೂತು ಕೊರೆಯಲು ಹೊರಟ ಡ್ರಿಲ್ಲಿನ ಮೊನೆ ಅಕ್ವೇರಿಯಂನ ತಳದ ಗಾಜಿಗೆ ಇನ್ನೇನು ತಾಗುವುದರಲ್ಲಿತ್ತು. "ನಿಲ್ಲಿಸಿ" ಎನ್ನಬೇಕೆಂದರೂ ಕಿಂಗಾಳಿಗೆ ಬಾಯಿ ಬರಲಿಲ್ಲ. ಮಾವ ಝೆನೋನ್ ಆಗಲೇ ಗಾಜನ್ನು ಬೆರಳ ಗೆಣ್ಣಿನಿಂದ ಕುಟ್ಟಿ, "ಬೆಣ್ಣೆ ಥರ ಕೊರೆಯುತ್ತೆ" ಎಂದು ತೀರ್ಪು ಕೊಟ್ಟಿದ್ದರು. ಗಾಜು ಬಿಸಿಯಾಗದಂತೆ ನೀರು ಚಿಮುಕಿಸಲು ನಿಂತ ಸೊಸೆಯ ಕಣ್ಣಿಗೆ ಚೂರು ಸಿಡಿದೀತೆಂದು, ಹೊಳಪು ತಡೆದು ನೀರಿನೊಳಗಿನ ಮೀನು ತೋರಿಸುವ ತಮ್ಮ ಗಾಳದ ಪೋಲರೈಸ್ಡ್ ಕನ್ನಡಕವನ್ನೂ ತೊಡಿಸಿದ್ದರು.

ಅದರಲ್ಲಿ ನೋಡಿದರೆ, ಕೊರೆಯುವ ವಿಡಿಯೋ ನೋಡಲು ಗಾಜಿನಾಚೆ ಇಟ್ಟಿದ್ದ ಲ್ಯಾಪ್‌ಟಾಪಿನ ಬೆಳಕಿಗೆ ಗಾಜಿನ ತುಂಬ ಕಪ್ಪು ಮಚ್ಚೆಗಳು! ಕಾಯಿಸಿ ಗಟ್ಟಿ ಮಾಡಿದ ಗಾಜಿನ ಗುರುತು ಅದೆಂದು ಅವಳು ಓದಿದ್ದಳು. ಕೊರೆದರೆ ಇಡೀ ತಳ ಸಕ್ಕರೆಯಂತೆ ಉದುರುತ್ತದೆ. ಅವಳ ಆರು ಮೀನು ಬಾತ್‌ಟಬ್ಬಿನಲ್ಲಿದ್ದವು. ನಾಳೆ ಕ್ರಿಸ್ಮಸ್ ಊಟದ ಕಾರ್ಪ್ ಮೀನು ಪ್ರತಿವರ್ಷದ ವಾಡಿಕೆಯಂತೆ ಜೀವಂತ ಬಂದು ಅದೇ ಟಬ್ಬಿಗಿಳಿದರೆ ಇವಕ್ಕೆ ಮನೆಯೇ ಇಲ್ಲ.

ಕಿಂಗಾ ಪ್ಲಗ್ ಕಿತ್ತಳು.

"ಕರೆಂಟ್ ಹೋಯ್ತಾ?" ಎಂದ ಡ್ರಿಲ್ ಹಿಡಿದಿದ್ದ ಗಂಡ ಮಿರೆಕ್.

"ನಾನೇ ತೆಗ್ದೆ." ಕನ್ನಡಕ ಕಳಚಿ ಚಾಚಿದಳು. "ಒಂದ್ಸಲ ನೋಡಿ ಮಾವ."

ಝೆನೋನ್ ಹಾಕಿಕೊಂಡು ನೋಡಿದರು. ಮಚ್ಚೆ ಕಂಡದ್ದೇ ಮಗನನ್ನು ಗದರಿದರು. "ಕಣ್ಣೆಲ್ಲಿಟ್ಟಿದ್ದೆ, ಗೂಬೆ? ಕುಟ್ಟಿದಾಗ್ಲೇ ನಂಗೆ ಅನುಮಾನ ಬಂತು!"

"ಬೆಣ್ಣೆ ಅಂದ್ರಲ್ಲಪ್ಪ?"

"ಚಳಿಗಾಲದ ಬೆಣ್ಣೆ ಅಂದೆ!"

ಆಮೇಲೆ ಅಕ್ವೇರಿಯಂ ಹೊರಳಿಸಿ, ಹಿಂಬದಿಯ ಗಾಜಿನಾಚೆ ಲ್ಯಾಪ್‌ಟಾಪ್ ಇಟ್ಟು, ಕನ್ನಡಕ ಸೊಸೆಗೇ ಕೊಟ್ಟರು. "ಇದನ್ನ ಕೊರೀಬಹುದಾ, ನೀನೇ ಹೇಳಮ್ಮ."

ಆ ಗಾಜಿನಲ್ಲಿ ಒಂದು ಮಚ್ಚೆಯೂ ಇರಲಿಲ್ಲ. ಆದರೂ ಕಿಂಗಾ ಅವಸರ ಮಾಡದೆ ಮೂಲೆಮೂಲೆಯನ್ನೂ ನೋಡಿದಳು. ಇಬ್ಬರು ಗಂಡಸರೂ ಅವಳ ತೀರ್ಪಿಗೆ ಕಾದರು.