ಕಿವಿಗೂದಲಿನ ಮೂಲಪುರುಷ

ನಿಶ್ಚಿತಾರ್ಥದ ವೀಳ್ಯ ಕೊಡಲು ಚಾಚಿದ ಕೈಯನ್ನು ಶೇಷಪ್ಪ ತಟ್ಟನೆ ಹಿಂದೆಳೆದುಕೊಂಡ. ಬೀಗನಾಗಲಿದ್ದ ಹೂವಯ್ಯನ ಕಿವಿಯಂಚಿನಲ್ಲೂ ತನ್ನ ಕಿವಿಯಲ್ಲಿರುವಂಥದೇ ಪೊದೆಗೂದಲು! ಅದು ಅಪ್ಪನಿಂದ ಮಗನಿಗಷ್ಟೇ ಇಳಿದು ಬರುತ್ತದಂತೆ ಎಂದು ಹೂವಯ್ಯನ ಅಳಿಯ, ಸಾಗರದಲ್ಲಿ ಜೀವಶಾಸ್ತ್ರ ಕಲಿಸುವ ಮೇಷ್ಟ್ರು, ಆಗಷ್ಟೇ ಹೇಳಿದ್ದ.

"ನಮ್ಮ ನಿಮ್ಮ ಬಳಿ, ಗೋತ್ರ ಎಲ್ಲಾ ಬೇರೆ ಅಂದಿದ್ರಲ್ಲ ಹೂವಯ್ಯ? ಒಂದೇ ಬುಡದೋರಾದ್ರೆ ಹುಡುಗ ಹುಡುಗಿ ಅಣ್ಣ ತಂಗಿ ಆಗ್ಲಿಲ್ವಾ?"

ಮದುಮಗಳಾಗಬೇಕಿದ್ದ ಶೇಷಪ್ಪನ ಮಗಳು ಬಾಗಿಲ ಮರೆಯಿಂದ ಇಣುಕಿದಳು.

"ಆ ಬುಡ ಸಾವಿರಾರು ವರ್ಷ ಹಿಂದಿಂದು, ಶೇಷಪ್ಪನೋರೇ," ಅಳಿಯ ತಡವರಿಸಿದ. "ಎಲ್ಲಿಂದಲೋ ಹೊರಟ ಒಬ್ಬ ಅಜ್ಜ. ಅವನ ಮಕ್ಕಳು ಬೆಟ್ಟ, ಹೊಳೆ ದಾಟಿ ದೇಶದ ತುಂಬಾ ಹಬ್ಬಿದ್ರು."

ಶೇಷಪ್ಪ ಕಿವಿ ಸವರಿಕೊಂಡ. ದಾರಿಯೇ ಇಲ್ಲದ ಕಾಡಿನಲ್ಲಿ, ಬರಿಗಾಲಲ್ಲಿ, ಆ ಅಜ್ಜನ ಸಂತಾನ ಇಲ್ಲಿಯವರೆಗೆ!

"ಅಂಥ ಗಂಡೆದೆಯೋನು ನನ್ನ ಮೊಮ್ಮಗನಿಗೆ ಎರಡೂ ಕಡೆಯಿಂದ ಅಜ್ಜ ಆಗ್ತಾನೆ. ಹಿಡೀರಿ ಬೀಗ್ರೇ, ವೀಳ್ಯ."