ಹನ್ನೆರಡು ವರ್ಷದ ಹಗ್ಗ

ಅಳಿಯ ಎರಡನೇ ಸಲ ಜಗ್ಗಿದಾಗ ಹಗ್ಗ ಪಟ್ಟೆಂದು ಕಡಿದು ಹಿಡಿಕೆ ಅವನ ಕೈಗೇ ಬಂತು. ಹಗ್ಗ ಎಳೆದು ಚಾಲೂ ಮಾಡುವ, ಮರ ಕೊಯ್ಯುವ ಮಿಷನ್ ಅಂಗಳದಲ್ಲಿ ತೆಪ್ಪಗೆ ಕೂತಿತ್ತು. "ನಾನು ಬರೋವರೆಗೆ ಅದನ್ನ ಮುಟ್ಟಬೇಡಿ" ಎಂದು ಮಾವ ಸ್ನಾನಕ್ಕೆ ಹೋಗಿ ಐದು ನಿಮಿಷವೂ ಆಗಿರಲಿಲ್ಲ.

"ಮುಗೀತು ಕಥೆ!" ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಹೆಂಡತಿ ಅಂದಳು. "ಅಪ್ಪ ಅದನ್ನ ನನಗಿಂತ ಮುದ್ದಾಗಿ ಸಾಕಿದ್ದಾರೆ ಕಣ್ರೀ. ನಿಮಗ್ಯಾಕೆ ಬೇಕಿತ್ತು?"

"ಬಿದ್ದ ಕೊಂಬೆ ಕತ್ತರಿಸಿಟ್ರೆ ಖುಷಿ ಪಡ್ತಾರೆ ಅಂತ..." ಮಾವನ ಮನೆಯಲ್ಲಿ ಮೊದಲ ಸಲ ನಾಲ್ಕು ದಿನ ಇರಲು ಬಂದವನ ಮುಖ ಎರಡನೇ ದಿನವೇ ಹುಳ್ಳಗಾಗಿತ್ತು.

ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಹಿಡಿಕೆ ನೋಡಿದರು. ಬಚ್ಚಲ ಕಡೆ ಕಿವಿಗೊಟ್ಟರು. "ಹಾಡು ಕೇಳಿಸ್ತಿದೆಯಲ್ಲ, ಹೆದರಬೇಡಿ. ನಿಂತ್ರೆ ಮೈ ಒರೆಸ್ಕೊಳ್ತಿದ್ದಾರೆ ಅಂತ. ಮಿಷನ್ ಒಳಗೆ ತನ್ನಿ."

ಅಡುಗೆಮನೆಯಲ್ಲಿ ಬೇಳೆ ಡಬ್ಬಿಯ ಹಿಂದಿನಿಂದ ಬಿಳಿ ನೈಲಾನ್ ಹಗ್ಗದ ಸುರುಳಿ ಹೊರಬಂತು, ಜೊತೆಗೊಂದು ಸ್ಕ್ರೂಡ್ರೈವರ್. ಅತ್ತೆ ಮಿಷನ್ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ ಬಟ್ಟಲಿಗೆ ಹಾಕಿದರು. ಹೊಸ ಹಗ್ಗದ ತುದಿಗಳನ್ನು ಒಲೆಯ ಉರಿಗೆ ಹಿಡಿದು ಕರಗಿಸಿ, ಒಂದನ್ನು ಒಳಗಿನ ರಾಟೆಗೆ, ಇನ್ನೊಂದನ್ನು ಹಿಡಿಕೆಗೆ ಗಂಟು ಹಾಕಿ ಸುತ್ತತೊಡಗಿದರು.

"ಅತ್ತೆ, ನಿಮಗೆ ಇದೆಲ್ಲ..."

"ವರ್ಷ ವರ್ಷ ಹಗ್ಗ ಸವೆಯೋ ಮುಂಚೆ ನಾನೇ ಬದಲಾಯಿಸ್ತೀನಿ. ಈ ಸಲ ನೀವು ಬರೋ ಗಡಿಬಿಡೀಲಿ ಮರೆತೆ. ತಪ್ಪು ನಿಮ್ಮದಲ್ಲಪ್ಪ. ನೋಡಿ, ಸ್ಪ್ರಿಂಗಿಗೆ ಇನ್ನೂ ಮೂರು ಸುತ್ತು ಕೊಡಬೇಕು, ಇಲ್ಲಾಂದ್ರೆ ಎಳೆದ ಹಗ್ಗ ಒಳಗೆ ಹೋಗಲ್ಲ."

ಕೊನೆಗೆ ಮುಚ್ಚಳ ಕೂರಿಸಿ ಸ್ಕ್ರೂ ಬಿಗಿದು, ಎಣ್ಣೆ ಮಸಿಯ ಬಟ್ಟೆಯಿಂದ ಬಿಳಿ ಹಗ್ಗವನ್ನು ಚೆನ್ನಾಗಿ ತಿಕ್ಕಿ ಕಪ್ಪಾಗಿಸಿದರು.

"ಇದ್ಯಾಕೆ?"

"ಹೊಸದು ಅಂತ ಅವರಿಗೆ ಗೊತ್ತಾಗಬಾರದಲ್ಲ."

"ಗೊತ್ತಾದ್ರೆ ಬೈತಾರಾ?"

"ಬೈದ್ರೆ ಚಿಂತೆ ಇರಲಿಲ್ಲ. ತಾವೇ ರಿಪೇರಿಗೆ ಕೂತ್ಕೋತಾರೆ. ಒಂದು ಸಲ ಫ್ಯಾನ್ ರಿಪೇರಿ ಮಾಡಿದ್ರು. ಅವತ್ತಿಂದ ಅದು ಗಾಳೀನ ಸೂರಿಗೆ ಬಿಡ್ತಿದೆ."

ಹಾಡು ನಿಂತಿತು. ಅಳಿಯ ಮಿಷನ್ ಎತ್ತಿಕೊಂಡು ಅಂಗಳಕ್ಕೆ ಓಡಿದ.

ಮಾವ ತಲೆ ಒರೆಸಿಕೊಳ್ಳುತ್ತ ಬಂದು, ಕಾಲಿನಿಂದ ಮಿಷನ್ ಒತ್ತಿ ಹಿಡಿದು ಒಮ್ಮೆ ಎಳೆದರು. ಗುರ್ರೆಂದು ಎದ್ದಿತು. "ನೋಡಿದ್ರಾ ಅಳಿಯಂದಿರೇ? ಹನ್ನೆರಡು ವರ್ಷ ಆಯ್ತು, ತಂದಾಗಿನ ಹಗ್ಗಾನೇ. ಎಲ್ಲ ಇಟ್ಕೊಳ್ಳೋದರಲ್ಲಿದೆ!"

"ಹೌದು ಮಾವ," ಎಂದ ಅಳಿಯ, ಹೋದ ಉಸಿರು ಮರಳಿ ಬಂದವನಂತೆ.

ಆಗ ಅವನಿಗೆ ತನ್ನ ಸ್ಕೂಟರ್ ನೆನಪಾಯಿತು. ಮದುವೆಯಾದಂದಿನಿಂದ ಅದು ಒಂದು ದಿನವೂ ಕೆಟ್ಟು ನಿಂತಿರಲಿಲ್ಲ. ಗಾಡಿ ಇಟ್ಟುಕೊಳ್ಳುವುದನ್ನು ತನ್ನಿಂದ ಕಲಿಯಬೇಕೆಂದು ಆಫೀಸಿನಲ್ಲಿ ಅವನು ಎಲ್ಲರಿಗೂ ಹೇಳಿಯಾಗಿತ್ತು.

ತಿರುಗಿ ಹೆಂಡತಿಯನ್ನು ನೋಡಿದ. ಅವಳು ಬಟಾಣಿಯ ಮೇಲೆ ತಲೆ ಬಗ್ಗಿಸಿ, ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದಳು.