ಸಿದ್ದಾಪುರದ ಸಾಧು ಹುಡುಗ

“ಹುಡುಗ ಕುಡಿಯುತ್ತಾನಾ?” ಎಂದು ಬಿಳಿ ಅಂಗಿಯವನು ಕೇಳಿದಾಗ ಮಲಿಕಸಾಬ ಚಹಾ ಸೋಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದ. ಕಾರಿನಿಂದ ಇಳಿದ ಅಪರಿಚಿತ. ಬೆಂಗಳೂರು ಕಡೆಯ ಮಾತು. ಕೇಳುತ್ತಿದ್ದುದು ಹೊಳಿಯಮ್ಮನ ಮಗ ಮಲ್ಲೇಶನ ವಿಷಯ. ಇಪ್ಪತ್ತೇಳರ ಅವಿವಾಹಿತನ ನಡತೆಯನ್ನು ಮನೆಗೆ ಹೋಗದೆ ಚಹಾದಂಗಡಿಯಲ್ಲಿ ವಿಚಾರಿಸುವವರು ಯಾವ ಕಡೆಯವರೆಂದು ಸಿದ್ದಾಪುರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಕುಡಿಯೂದಾ? ಚಹಾ ಕುಡಿಯಾಕೂ ನಾಚ್ತಾನ್ರಿ,” ಎಂದ ಮಲಿಕಸಾಬ.

ಇದು ಮೂರನೆಯ ಸಂಬಂಧ. ಮೊದಲ ಎರಡೂ ರಗ್ಬಿಯಿಂದ ಕೆಟ್ಟಿದ್ದವು. ಕ್ರೀಡಾ ಶಾಲೆಗೆ ಕುಸ್ತಿ ಕಲಿಯಲು ಹೋದ ಮಲ್ಲೇಶ ರಗ್ಬಿ ಹಿಡಿದಿದ್ದ. ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿ ಅವಚಿಕೊಂಡು ಓಡುವುದು, ಕೆಡವಲು ಬಂದವರನ್ನು ಕೊಡವಿ ಮುಂದೆ ಹೋಗುವುದು, ಇದೇ ಕೆಲಸ. ಪುಣೆಯ ತಂಡವೊಂದು ಮೂರು ವರ್ಷ ಸಂಬಳ ಕೊಟ್ಟು ಆಡಿಸಿತು. ಹೋದ ವರ್ಷ ಬಲ ಭುಜ ಕಳಚಿತು. ಶಸ್ತ್ರಚಿಕಿತ್ಸೆಯಾಯಿತು, ತಂಡ ಕೈಬಿಟ್ಟಿತು. ಊರಿಗೆ ಬಂದವನು ಭತ್ತದ ಗದ್ದೆಗೆ ಇಳಿದ. ಬೆಳಗಿನ ಜಾವ ಎದ್ದು ಎಲ್ಲಿಗೋ ಹೋಗಿ ಬೆವರು ಸುರಿಸಿಕೊಂಡು ಬರುತ್ತಿದ್ದ. ಅವನ ಮನಸ್ಸು ಇನ್ನೂ ಆ ಮೈದಾನದಲ್ಲೇ ಇತ್ತು, ಪಾಪ.

ಯಲಬುರ್ಗಾದವರು ಆಟದಲ್ಲಿ ಪೆಟ್ಟು ತಿಂದು ಮುದುಡಿದ ಅವನ ಕಿವಿ ನೋಡಿ, “ಇದನ್ನ ಯಾರು ಜಜ್ಜಿದ್ರು?” ಎಂದು ಕೇಳಿ ಎದ್ದು ಹೋದರು. ಕುಷ್ಟಗಿಯವರು ಮೊಬೈಲಿನಲ್ಲಿ ಅವನ ಆಟವನ್ನೇ ನೋಡಿಬಿಟ್ಟರು. ಅದರಲ್ಲಿ ಅವನ ಮೇಲೆ ಎಂಟು ಜನ ಬಿದ್ದಿದ್ದರು. ಆಗಲೇ ಓಣಿಯವರು ತೀರ್ಮಾನಿಸಿದರು: ಇನ್ನು ರಗ್ಬಿಯ ಸುದ್ದಿ ಎತ್ತಕೂಡದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿದ್ದಾರೆ ಹಿರಿಯರು. ಇಲ್ಲಿ ಏಳೆಂಟರಲ್ಲೇ ಮುಗಿಯುವಂತಿತ್ತು.

“ರಗ್ಬಿ ಆಡ್ತಿದ್ದನಂತೆ?” ಅಪರಿಚಿತ ಮೆಲ್ಲಗೆ ಕೇಳಿದ.

ಇವನಿಗೂ ಸುಳಿವು ಸಿಕ್ಕಿದೆ ಎಂದುಕೊಂಡ ಮಲಿಕಸಾಬ. “ಬಿಟ್ಟು ವರ್ಷಾತ್ರಿ. ಈಗ ಚೆಂಡು ಕಂಡ್ರ ಮಾರಿ ತಿರುವತಾನ.”

“ಓಡೋದು, ವ್ಯಾಯಾಮ?”

“ಏನಿಲ್ರಿ. ನಡೆಯೂದೂ ಸಾವಕಾಶ.”

“ಯಾರಾದರೂ ತಳ್ಳಿದರೆ?”

“ಬೀಳ್ತಾನ್ರಿ. ಎದ್ದು ಅವರಿಗೇ ಕೈ ಮುಗೀತಾನ.”

ಇಂಥ ಅಳಿಯನಿಗೆ ಯಾವ ಮಾವನಾದರೂ ಹಿಗ್ಗಬೇಕು. ಅಪರಿಚಿತನ ಮುಖ ಮಾತ್ರ ಸಪ್ಪಗಾಯಿತು. ಸಾಲಲಿಲ್ಲವೇನೋ ಎಂದು, ಸಕ್ಕರೆ ಕೊಳ್ಳಲು ಬಂದಿದ್ದ ಪಕ್ಕದ ಮನೆಯ ಜೋಹರಾಬಿ ತಾನೂ ಒಂದು ಸೇರಿಸಿದಳು: “ಇರುವಿ ಸಾಲು ಕಂಡ್ರ ದಾಟೂದಿಲ್ರಿ, ಸುತ್ತು ಹಾಕ್ಕೊಂಡು ಹೋಗ್ತಾನ.”

ಅಪರಿಚಿತ ಚಹಾ ಅರ್ಧಕ್ಕೆ ಬಿಟ್ಟು ಕಾರು ಹತ್ತಿದ. ಕಾರು ಹೊಳಿಯಮ್ಮನ ಮನೆಯ ಕಡೆ ತಿರುಗದೆ ಗಂಗಾವತಿ ರಸ್ತೆ ಹಿಡಿಯಿತು.

ಹೆಣ್ಣಿನ ಕಡೆಯವರು ಬಂದ ಸುದ್ದಿ ಕೇಳಿ ಕಾಲುವೆಯ ಸೇತುವೆಯ ಮೇಲೆ ಹುಚ್ಚೀರಪ್ಪ ಕೈ ಅಡ್ಡ ಮಾಡಿ ನಿಂತಿದ್ದ. ಮಲ್ಲೇಶನ ಗದ್ದೆಯ ಬದುವಿನಾಚೆ ಇವನ ಗದ್ದೆ. ನೀರಿನ ಪಾಳಿಗಾಗಿ ಇಬ್ಬರಿಗೂ ಎಣ್ಣೆ-ಸೀಗೆಕಾಯಿ. ತಾನು ಇರುವತನಕ ಅವನ ಹಣೆಗೆ ಬಾಸಿಂಗ ಕಟ್ಟಲು ಬಿಡುವುದಿಲ್ಲ ಎಂದು ಪಣ ತೊಟ್ಟವನು.

“ಒಂದು ಮಾತು ಕೇಳಿ ಹೋಗ್ರಿ,” ಎಂದ. “ಓಣಿ ಮಂದಿ ನಿಮಗ ಬರೇ ಸುಳ್ಳು ಹೇಳ್ಯಾರ. ಅವ ಮನಷ್ಯಾ ಅಲ್ಲ, ಗೂಳಿ ಅದಾನ. ಹೋದ ತಿಂಗಳು ತೂಬು ತಗಿಯಾಕ ಬಂದ. ನಾನು, ನನ್ನ ಇಬ್ಬರು ಮಕ್ಕಳು, ಮೂರೂ ಮಂದಿ ಜೋತುಬಿದ್ವಿ. ಮೂರೂ ಮಂದೀನ ಕೆಸರಾಗ ದರದರ ಎಳಕೊಂಡು ಹೋಗಿ ತೂಬು ತಗದ.”

ಅಪರಿಚಿತ ಕಾರಿನ ಎಂಜಿನ್ ಆರಿಸಿದ.

“ಬಲ ಭುಜಕ್ಕೆ ಯಾರು ಜೋತುಬಿದ್ದಿದ್ದರು?”

ಎಂಥೆಂಥದೋ ಕೇಳುತ್ತಾರೆ ಹೆಣ್ಣು ಕೊಡುವವರು. ಆದರೂ ಹುಚ್ಚೀರಪ್ಪ ಹುರುಪಿನಿಂದಲೇ ಉತ್ತರಿಸಿದ. “ನನ್ನ ಹಿರಿಮಗ ಹನುಮೇಶ. ತೊಂಬತ್ತು ಕಿಲೋ ಅದಾನ.”

“ಎಷ್ಟು ದೂರ ಎಳೆದ?”

“ಇಲ್ಲಿಂದ ಆ ಬೇವಿನ ಗಿಡದ ತನಕ.”

ಅಪರಿಚಿತ ಗಿಡದವರೆಗೆ ಕಣ್ಣಲ್ಲೇ ಅಳೆದ. “ಆಮೇಲೆ ಭುಜ ನೋವು ಅಂದನಾ?”

“ನೋವು ನಮಗ್ರಿ. ಅವ ಮರುದಿನ ಬೆಳಕು ಹರಿಯೂದ್ರಾಗ ಈ ಕಾಲುವಿ ದಂಡಿ ಮ್ಯಾಲ ಕುದುರಿ ಹಂಗ ಓಡಾಕತ್ತಿದ್ದ. ದಿನಾ ಓಡ್ತಾನ. ಆ ಆಟದ ಹುಚ್ಚು ಇನ್ನೂ ಬಿಟ್ಟಿಲ್ಲ.”

“ಅವರ ಮನೆ ತೋರಿಸಿ,” ಎಂದ ಅಪರಿಚಿತ, ಕಾರಿನ ಬಾಗಿಲು ತೆರೆಯುತ್ತ.

ಸಂಬಂಧ ಬೇಡವೆಂದು ಹೊಳಿಯಮ್ಮನ ಮುಖಕ್ಕೆ ಹೊಡೆದಂತೆ ಹೇಳಿ ಹೋಗುತ್ತಾನೆ, ಅದನ್ನು ಕಣ್ಣಾರೆ ನೋಡೋಣವೆಂದು ಹುಚ್ಚೀರಪ್ಪ ಖುಷಿಯಿಂದ ಮುಂದಿನ ಸೀಟಿನಲ್ಲಿ ಕೂತ.

ಮನೆಯಲ್ಲಿ ಆಗಲೇ ಉಪ್ಪಿಟ್ಟು ಸಿದ್ಧವಿತ್ತು, ಮಲಿಕಸಾಬ ಫೋನು ಮಾಡಿದ್ದ. ಮಲ್ಲೇಶ ಇಸ್ತ್ರಿ ಅಂಗಿ ತೊಟ್ಟು, ಕಿವಿ ಮುಚ್ಚುವಂತೆ ಟವೆಲು ಸುತ್ತಿಕೊಂಡು, ಆದಷ್ಟು ಸಣ್ಣಗೆ ಕೂತಿದ್ದ. ಅಪರಿಚಿತ ಉಪ್ಪಿಟ್ಟಿನ ಕಡೆ ನೋಡಲಿಲ್ಲ. ನೇರ ಹೋಗಿ ಮಲ್ಲೇಶನ ಬಲ ಭುಜವನ್ನು ಎರಡೂ ಕೈಯಿಂದ ಅದುಮಿದ, ತೋಳನ್ನು ಮೇಲೆತ್ತಿ ತಿರುಗಿಸಿದ. ಎತ್ತು ಕೊಳ್ಳುವವರು ಹೀಗೆ ನೋಡುತ್ತಾರೆ. ಹಿಂದೆ ಬಾಗಿಲಲ್ಲಿ ಹುಚ್ಚೀರಪ್ಪ ನಗುತ್ತ ನಿಂತಿದ್ದನ್ನು ಕಂಡು ಹೊಳಿಯಮ್ಮನಿಗೆ ಎಲ್ಲ ತಿಳಿಯಿತು. ಮೂರನೆಯದೂ ಹೋಯಿತು. ಅವಳ ಕಣ್ಣು ತುಂಬಿತು.

“ಯಾರ‍್ಯಾರೋ ಹೇಳಿದ್ದನ್ನ ಮನಸ್ಸಿಗೆ ಹಚ್ಕೋಬ್ಯಾಡ್ರಿ ಅಣ್ಣಾರ,” ಎಂದು ಕೈ ಮುಗಿದಳು. “ನಿಮ್ಮ ಹುಡುಗೀನ ಹೂವಿನಂಗ ನೋಡ್ಕೋತಾನ.”

“ಯಾವ ಹುಡುಗಿ ಅಮ್ಮ? ನಾನು ರಗ್ಬಿ ತಂಡದ ಕೋಚು. ಭುಜ ಹೇಗಿದೆ ಅಂತ ಆಟಗಾರರನ್ನ ಕೇಳಿದ್ರೆ ಎಲ್ಲರೂ ಚೆನ್ನಾಗಿದೆ ಅಂತಾರೆ, ಅದಕ್ಕೇ ಊರಲ್ಲಿ ವಿಚಾರಿಸಿದೆ. ಈ ಯಜಮಾನರು ಕಾರು ನಿಲ್ಲಿಸದೇ ಇದ್ದಿದ್ರೆ ತಂಡದ ಪಟ್ಟಿಯಿಂದ ನಿಮ್ಮ ಮಗನ ಹೆಸರು ಹೊಡೆದುಹಾಕಿ ಹೋಗಿಬಿಡ್ತಿದ್ದೆ.”